ಪೂಜೆಗಿಟ್ಟ ಪಂಪಿನ ಪುಸ್ತಕ

ಮೊನ್ನೆ ಹಳೆಯ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ತಕ್ಷಣ ನೆನಪಾದವರು ಶಿವಮೊಗ್ಗದ ನೀರು ಸರಬರಾಜು ಕಚೇರಿಯ ಲೈಬ್ರರಿಯವರು... ಪಂಪು, ಪೈಪು, ಫಿಲ್ಟರುಗಳ ಪುಸ್ತಕಗಳನ್ನಷ್ಟೇ ನುಸಿಗುಳಿಗೆ ಹಾಕಿ ಇಟ್ಟಿದ್ದ ಆ ಕೋಣೆಗೆ ಅವರೇ ದೊರೆ. ಒದ್ದೆ ಕೈಯವನಿಗೆ ಒಳಗೆ ಪ್ರವೇಶವಿಲ್ಲ, ಪುಸ್ತಕ ಹೊಸ್ತಿಲು ದಾಟುವಂತಿಲ್ಲ. ನೀರಿನ ಕೆಲಸದವರು ಒಣಗಿದ ಕೈ ಎಲ್ಲಿಂದ ತರೋಣ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಅದು ಯುದ್ಧದ ಕಾಲ. ನಾನು ಭದ್ರಾವತಿಯಲ್ಲಿ ಪಂಪ್ ಆಪರೇಟರ್. ನವರಾತ್ರಿಯಲ್ಲಿ ಪಂಪಿನ ವಾಲ್ವು ಒಡೆಯಿತು. ವಿದೇಶದ ಮಾಲು, ಹೊಸದು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅಳತೆ ತಂದುಕೊಟ್ಟರೆ ಎರಕ ಹೊಯ್ದು ಕೊಡುತ್ತೇನೆ ಎಂದ ವರ್ಕ್‌ಶಾಪಿನ ತಮಿಳು ಮೇಸ್ತ್ರಿ. ಆ ಅಳತೆ ಇದ್ದದ್ದು ಶಿವಮೊಗ್ಗದ ಒಂದೇ ಒಂದು ಪುಸ್ತಕದಲ್ಲಿ. ನನ್ನ ಮನೆಯಲ್ಲೋ ಹಸಿ ಬಾಣಂತಿ, ವಾರ ತುಂಬದ ಕೂಸು, ತಳ ಕಂಡ ಹಂಡೆ. ಹೊಳೆಯ ಕೆಂಪು ನೀರನ್ನು ಅವರಿಗೆ ಕೊಡಲು ನನಗೆ ಧೈರ್ಯವಾಗಲಿಲ್ಲ. ರೈಲು ಹತ್ತಿದೆ.

ಹೋಗಿ ನೋಡಿದರೆ, ಹಿಂದಿನ ದಿನವೇ ಸರಸ್ವತಿ ಪೂಜೆಗೆಂದು ಪುಸ್ತಕಗಳನ್ನೆಲ್ಲ ಪೇರಿಸಿ ರೇಷ್ಮೆ ವಸ್ತ್ರ ಹೊದಿಸಿಬಿಟ್ಟಿದ್ದರು. ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ. ಎದುರಿಗೆ ಅವರು ಮಡಿಯುಟ್ಟು ಕೂತಿದ್ದರು. ನನಗೆ ಮಗು ಹುಟ್ಟಿದ ಪುರುಡು, ದೇವರ ಹತ್ತಿರ ಸುಳಿಯುವ ಹಾಗೂ ಇಲ್ಲ. ಹೊರಗೇ ನಿಂತು ಎಲ್ಲ ಹೇಳಿಕೊಂಡು ಬೈಗುಳಕ್ಕೆ ಕಾದೆ.

ಅವರು ಎದ್ದು, ಕೈಮುಗಿದು, ಹೂವು ಸರಿಸಿ, ಅಡಿಯಲ್ಲಿದ್ದ ದಪ್ಪ ಪುಸ್ತಕವನ್ನು ಎಳೆದರು.

"ಬಾಣಂತಿ ಮನೆ ಅಂತ ತಾಯಿಗೆ ಹೇಳಿದೀನಿ ಮಾರಾಯ. ಬೈದ್ರೆ ನಂಗೆ ಬೈತಾಳೆ. ನಡಿ, ನಾನೂ ಬರ್ತೀನಿ."

ಪುಸ್ತಕವನ್ನು ಒಂಟಿಯಾಗಿ ಕಳಿಸುವವರೇ ಅವರು! ಪುರುಡಿನವನ ಪಕ್ಕದಲ್ಲೇ, ಮಡಿಪಂಚೆಯಲ್ಲೇ, ಅದನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತರು. ವರ್ಕ್‌ಶಾಪಿನಲ್ಲಿ ಯಾರಿಗೂ ಮುಟ್ಟಗೊಡದೆ ಅಳತೆಯನ್ನು ತಾವೇ ಓದಿ ಹೇಳಿದರು. ಮೇಸ್ತ್ರಿ ಅಂದೇ ಎರಕ ಹೊಯ್ದ.

ಮರುದಿನ ಬೆಳಿಗ್ಗೆ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧಾರಾಳವಾಗಿ ಸುರಿಯಿತು. ಹಂಡೆಯ ಕೆಳಗೆ ಬೆಂಕಿ ಹತ್ತಿತು. ಬಚ್ಚಲಲ್ಲಿ ಕೂಸು ಕಿರುಚಿದ್ದು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಅಬ್ಬಾ, ಅಂಥ ನೆಮ್ಮದಿಯನ್ನು ನಾನು ಮತ್ತೆ ಕಂಡಿಲ್ಲ.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಸುದ್ದಿ ನನಗೆ ತಡವಾಗಿ ತಲುಪಿತು, ಕೊನೆಯ ಸಲ ನೋಡಲಾಗಲಿಲ್ಲ... ಆ ಕೊರಗು ಹೋಗಿಲ್ಲ. ಅಂದಿನ ಕೂಸು, ಈಗ ತಲೆ ನರೆತ ನನ್ನ ಮಗಳು, ನಾನು ತೆರೆದ ಟ್ರಂಕಿನ ಮುಂದೆ ಕೂತೇ ಇದ್ದದ್ದನ್ನು ಕಂಡು ಯಾರು ನೆನಪಾದರೆಂದು ಕೇಳಿದಳು.

"ನಿನಗೆ ನೀರು ಹಾಕಿದವರು" ಅಂದೆ.