ಎತ್ತಿನ ಭಾನುವಾರ

ಬಿಸಿ ಮಾಡಿದ ಹರಳೆಣ್ಣೆಯ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ, ಬಳಗಾನೂರಿನ ನಮ್ಮ ಮನೆಯ ಶನಿವಾರದ ಸಂಜೆಗಳು ನೆನಪಾಗುತ್ತವೆ. ಎಂಬತ್ತರ ದಶಕದ ಕೊನೆಯ ವರ್ಷಗಳವು. ಅಪ್ಪ ಗದ್ದೆಯಿಂದ ಬಂದವನೇ ನೊಗ ಇಳಿಸಿ, ಎತ್ತುಗಳ ಗಡುಸಾದ ಹೆಗಲಿಗೆ ಬೆಚ್ಚನೆಯ ಎಣ್ಣೆ ತಿಕ್ಕುತ್ತಿದ್ದ. ಊರವರು ಬಸವಣ್ಣನ ವಾರವೆಂದು ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಕ್ರೈಸ್ತರಾದ ನಾವು ಭಾನುವಾರ ಹೂಡುತ್ತಿರಲಿಲ್ಲ. "ದನಕ್ಕೂ ಒಂದಿನ ಬಿಡುವು ಬೇಕಂತ ದೇವರ ಹೇಳ್ಯಾನ," ಎನ್ನುವಾಗ ಅಪ್ಪನ ಮುಖದಲ್ಲಿ ಎಂಥ ಸಮಾಧಾನವಿರುತ್ತಿತ್ತು! ಅವನು ಕೆಟ್ಟವನಲ್ಲ. ಅದನ್ನು ನೆನೆದರೇ ನನಗೆ ಹೆಚ್ಚು ಸಂಕಟ.

ಊರಿನಲ್ಲಿ ಚರ್ಚಿರಲಿಲ್ಲ, ನಮ್ಮ ಪಡಸಾಲೆಯಲ್ಲೇ ಆರಾಧನೆ. ಸಿಂಧನೂರಿನಿಂದ ಪಾಸ್ಟರು, ಸಾಲಗುಂದದ ಕಡೆಯಿಂದ ನಾಲ್ಕಾರು ಮನೆಯವರು ಬಸ್ಸಿಗೆ ಬರುತ್ತಿದ್ದರು; ಎಲ್ಲರಿಗೂ ಊಟ ನಮ್ಮಲ್ಲೇ. ಹೊರಗೆ ಪಾಸ್ಟರು ವಿಶ್ರಾಂತಿ ದಿನದ ಬಗ್ಗೆ ಪ್ರಸಂಗ ಮಾಡುತ್ತಿದ್ದರೆ, ಒಳಗೆ ಅವ್ವ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಪ್ರಸಂಗ ಕೇಳಿಸುವುದಿಲ್ಲವೆಂದು ಅಪ್ಪ ಮೆಲ್ಲಗೆ ಎದ್ದು ಅಡುಗೆಮನೆಯ ಬಾಗಿಲು ಎಳೆದು ಮುಚ್ಚಿ ಬರುತ್ತಿದ್ದ. ಹೊಗೆಯೂ ಅವ್ವನೂ ಒಳಗೇ ಉಳಿಯುತ್ತಿದ್ದರು. ಒಮ್ಮೆ ಮಸ್ಕಿಯಿಂದ ಬಂದ ಸೋದರತ್ತೆಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

"ಎತ್ತು ಬೇವಿನ ನೆರಳಾಗ ಮಲಗ್ಯಾವ, ಮಂದಿ ಚಾಪಿ ಮ್ಯಾಲ ಕುಂತಾರ. ನೀ ಯಾವಾಗ ಕುಂದರ್ತೀ ಬೇ?"

"ಅವ್ರು ಉಂಡು ಬಸ್ ಹತ್ತಲಿ ತಡಿ, ಕುಂದರ್ತೀನಿ," ಎಂದು ಅವ್ವ ನಕ್ಕಳು. ಬಸ್ಸು ಹೋಯಿತು. ಮುಸುರೆ ಪಾತ್ರೆಗಳ ರಾಶಿ ಬಚ್ಚಲಲ್ಲಿ ಕಾಯುತ್ತಿತ್ತು.

ಮೊದಲು ಅವಳ ಮುಂಗೈಗಳು ಬಾತುಕೊಂಡವು, ಆಮೇಲೆ ಏದುಸಿರು ಶುರುವಾಯಿತು. ಒಂದು ಭಾನುವಾರ ಹಿಟ್ಟಿನ ಕೈಯಲ್ಲೇ ಒಲೆಯ ಮುಂದೆ ಕುಸಿದಳು. ಲಿಂಗಸುಗೂರಿನ ಡಾಕ್ಟರು ಎದೆ ನೋಡಿ, ಇಷ್ಟು ದಿನ ಯಾಕೆ ಬಿಟ್ಟಿರಿ, ಇನ್ನಾದರೂ ಮಲಗಲು ಬಿಡಿ ಎಂದರು. ಮುಂದಿನ ಭಾನುವಾರ ಆರಾಧನೆ ಬೇರೆ ಮನೆಯಲ್ಲಿ ನಡೆಯಿತು. ಅಪ್ಪ ಹೋಗಲಿಲ್ಲ. ಹರಳೆಣ್ಣೆ ಕಾಸಿಕೊಂಡು ಬಂದು ಅವ್ವನ ಮಗ್ಗುಲಲ್ಲಿ ಕುಳಿತು, ಅವಳ ಮುಂಗೈಗೆ ತಿಕ್ಕತೊಡಗಿದ. ಅವ್ವ ಅವನತ್ತ ತಿರುಗಿದಳು.

"ಏನ್ರೀ, ನಾಳಿ ನನ್ನ ಹೂಡವರೇನು?"

ತಮಾಷೆಗೇ ಅಂದದ್ದು. ಅಪ್ಪನ ಕೈ ನಿಂತುಬಿಟ್ಟಿತು.

ಆ ವರ್ಷದ ನಾಟಿ ಮುಗಿಯುವ ಮೊದಲೇ ಅವ್ವ ಹೋದಳು. ಸಮಾಧಿಗೆ ಕಲ್ಲು ಕೆತ್ತುವವನು, ಎಲ್ಲರ ಕಲ್ಲಿಗೂ ಹಾಕುವಂತೆ ಹೆಸರಿನ ಕೆಳಗೆ 'ವಿಶ್ರಾಂತಿಯಲ್ಲಿದ್ದಾಳೆ' ಎಂದು ಹಾಕಲೇ ಎಂದು ಕೇಳಿದ. ಅಪ್ಪ ಬೇಡವೆಂದ.

"ಇದ್ದಾಗ ಕೊಡಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಬರಸ್ಲಿ?"

ಆ ಕಲ್ಲಿನ ಮೇಲೆ ಈಗಲೂ ಅವ್ವನ ಹೆಸರಷ್ಟೇ ಇದೆ.