ಮಾವನ ಮೂರು ಎಲೆ

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರು ಬೀಡಿ ಹೊಗೆಗೆ ಹಳದಿಗಟ್ಟಿತ್ತು. ಇಸ್ಪೀಟು ಎಲೆಗಳ ತುದಿಯನ್ನು ಅದೇ ಉಗುರಿನಿಂದ ಎತ್ತಿ, ಮುಚ್ಚಳ ಸರಿಸಿ ಅನ್ನ ನೋಡುವವರ ಹಾಗೆ ಇಣುಕುತ್ತಿದ್ದ. ಒಳ್ಳೆಯ ಎಲೆ ಬಂದಿದ್ದರೆ ಮುಖ ಸಪ್ಪೆ. ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ‘ಯಾಕೋ ಸರಿಗಿಲ್ಲ ಕಣ್ರಪ್ಪಾ’ ಎಂದು ನರಳುತ್ತಿದ್ದ. ಪಾಪದವನು ಎಂದು ಎದುರಿನವರು ದುಡ್ಡು ಹಾಕುತ್ತಲೇ ಹೋಗುತ್ತಿದ್ದರು. ಎಲೆ ಕೆಟ್ಟದ್ದಾದರೆ ಮಾತ್ರ ಮೀಸೆ ತಿರುವಿ ಊರ ಗೌಡನಂತೆ ಕೂರುತ್ತಿದ್ದ.

ನಮ್ಮ ಕಡೆ ಯುಗಾದಿಗೆ ಒಬ್ಬಟ್ಟು ಎಷ್ಟೋ ಮೂರೆಲೆ ಆಟವೂ ಅಷ್ಟೇ. ಬೈರಾಪಟ್ಟಣದ ಮಾವನ ಜಗಲಿಯಲ್ಲಿ ಊಟವಾದ ಮೇಲೆ ಚಾಪೆ ಹಾಸುತ್ತಿದ್ದರು. ಮದುವೆಯಾದ ಮೇಲೂ ಹಬ್ಬಕ್ಕೆ ಬಂದಾಗ ನಾನು ಅವನ ಬೆನ್ನ ಹಿಂದೆಯೇ ಕೂರುತ್ತಿದ್ದೆ. ಹಿಂದೆ ಕೂತವರು ಬಾಯಿ ಬಿಡಬಾರದು, ಅದು ಆಟದ ನೇಮ.

‘ಎದುರ್‍ಗಿರೋನು ಪುಕ್ಲ ಆದ್ರೆ ನಿಧಾನಕ್ಕೆ ಆಡ್ಬೇಕು ಕಣವ್ವ’ ಎನ್ನುತ್ತಿದ್ದ. ‘ಅವನ ಕೈಲೂ ಎಲೆ ಐತೆ ಅನ್ನುಸ್ತಾ, ಕಾಯ್ಬೇಡ, ಹೊಡಿ.’

ಅಪ್ಪ ಸತ್ತ ವರ್ಷ ದೊಡ್ಡಪ್ಪ ನನ್ನನ್ನು ಕಾಲೇಜು ಬಿಡಿಸಿ ಮದುವೆ ಗೊತ್ತುಮಾಡಲು ಹೊರಟಿದ್ದರು. ಒಂದು ಮಾತಾಡಲು ನಾಲ್ಕು ಸಲ ಕೆಮ್ಮುವ ಮಾವ ಅವತ್ತು ನೇರ ಒಳಗೆ ಬಂದು ನನ್ನ ಬಟ್ಟೆ ಚೀಲ ಎತ್ತಿಕೊಂಡ. ‘ನಮ್ಮಕ್ಕನ ಮಗಳು ಓದ್ತಾಳೆ. ನಮ್ಮನೇಲಿರ್ತಾಳೆ’ ಎಂದ. ದೊಡ್ಡಪ್ಪನಿಗೆ ಬಾಯಿ ತೆರೆಯಲೂ ಪುರುಸೊತ್ತು ಕೊಡಲಿಲ್ಲ. ನಾನು ಇವತ್ತು ಏನಾಗಿದ್ದೇನೋ ಅದು ಆ ಒಂದು ಏಟಿನಿಂದ.

ಕಳೆದ ಯುಗಾದಿಯಲ್ಲಿ ಆಟ ರಂಗೇರಿದ್ದಾಗ ಮಾವ ಎಲೆ ಇಣುಕಿ ನೋಡಿದ. ಕತ್ತು ಒರೆಸಿಕೊಂಡ. ಎದೆಯ ಮೇಲೆ ಕೈಯಿಟ್ಟು, ‘ಯಾಕೋ ಸರಿಗಿಲ್ಲ ಕಣ್ರಪ್ಪಾ’ ಎಂದ. ಕೂತವರೆಲ್ಲ ಗೊಳ್ಳೆಂದು ನಕ್ಕರು.

‘ಎಕ್ಕ ಬಂದ್ಬುಟ್ಟವೆ ಕಣ್ರಲಾ! ಈ ಸಲ ನಾವ್ ಬೀಳಾಕಿಲ್ಲ ಕಣಣ್ಣೋ’ ಎಂದು ಎದುರಿನವನು ತನ್ನ ಎಲೆ ಕೆಳಗಿಟ್ಟ.

ನನಗೆ ಮಾವನ ಎಲೆ ಕಾಣುತ್ತಿದ್ದವು. ಎರಡು, ಐದು, ಒಂಬತ್ತು. ಕೆಲಸಕ್ಕೆ ಬಾರದವು. ಇಂಥ ಎಲೆಗೆ ಅವನು ಮೀಸೆ ತಿರುವಬೇಕಿತ್ತು.

‘ನಾಟಕ ಅಲ್ಲ! ಅವನ ಎಲೆ ಕೆಟ್ಟವೆ! ಯಾರಾದ್ರೂ ಕಾರ್ ತೆಗೀರಿ!’ ಎಂದು ಕಿರುಚಿದೆ.

‘ಅಕ್ಕನ ಮಗಳಿಗೂ ಕಲ್ಸ್‌ಬುಟ್ಟವ್ನೆ ನೋಡ್ಲಾ’ ಎಂದು ಮತ್ತೆ ನಕ್ಕರು. ಆ ನಗುವಿಗೆ ಬೆಂಕಿ ಬೀಳ.

ಅವನ ಕೈಯಿಂದ ಎಲೆ ಕಿತ್ತು ಎಲ್ಲರಿಗೂ ಕಾಣುವಂತೆ ಚಾಪೆಯ ಮೇಲೆ ಎಸೆದೆ. ನಗು ನಿಂತಿತು. ಎದುರಿನವನೇ ಮೊದಲು ಎದ್ದು ಮಾವನನ್ನು ಎತ್ತಿಕೊಂಡ.

ಕಾರಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ‘ಎಲೆ ತೋರ್ಸ್‌ಬುಟ್ಯೇನವ್ವಾ?’ ಎಂದ.

‘ತೋರ್ಸ್‌ದೆ ಮಾವ. ನೀನು ಮೀಸೆ ತಿರುವು. ಒಂದ್ಸಲ ತಿರುವು ಮಾವ’ ಎಂದು ಅಂಗಲಾಚಿದೆ.

ಕೈ ಎತ್ತಿದ. ಹಳದಿ ಉಗುರು ಮೀಸೆಯ ತುದಿಗೆ ಬಂತು, ತಿರುವಲು ಆಗಲಿಲ್ಲ. ಆ ಬೆರಳು ಹಿಡಿದು ನಾನೇ ತಿರುವಿದೆ. ಚನ್ನಪಟ್ಟಣದ ಆಸ್ಪತ್ರೆ ಸೇರುವವರೆಗೂ ತಿರುವುತ್ತಲೇ ಇದ್ದೆ. ಉಸಿರು ದಾರಿಯಲ್ಲೇ ನಿಂತಿತ್ತಂತೆ.