ಸೋಪು ಹಿಡಿದು ಇಕ್ಕಳ ಆರಿಸಿದ ಸೊಣ್ಣಮ್ಮ

ಜರಗನಹಳ್ಳಿಯ ಸೊಣ್ಣಮ್ಮನವರು ಆಯುಧಪೂಜೆಯಲ್ಲಿ ಪಕ್ಷಪಾತ ಮಾಡುವವರಲ್ಲ. ಬೋರ್‌ವೆಲ್ ಮೋಟರು, ಮಿಕ್ಸಿ, ಬಾಡಿಗೆದಾರರ ಸ್ಕೂಟರು, ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ಈ ಸಲ ಪಿಯಾನೊಗೂ ಆಯಿತು. ಒದ್ದೆ ಬಟ್ಟೆಯಲ್ಲಿ ಒಂದೊಂದು ಕೀಯನ್ನೂ ತಿಕ್ಕಿ ಒರೆಸಿದರು. ನೀರು ಸಂದಿಗಿಳಿದು ಮರ ಉಬ್ಬಿತು. ನಟ್ಟನಡುವಿನ ಕೀ ಒತ್ತಿದರೆ ಕೆಳಗೆ ಹೋಗಿ ಅಲ್ಲೇ ಕೂತುಬಿಡುತ್ತಿತ್ತು.

ಭಾನುವಾರ ಮೊಮ್ಮಗಳು ದಿವ್ಯಳ ನಿಶ್ಚಿತಾರ್ಥ, ಮನೆಯಲ್ಲೇ. ಹೊಲ ಲೇಔಟಾಗುವ ಮೊದಲಿನಿಂದಲೂ ಊರ ಮದುವೆಗಳಿಗೆಲ್ಲ ಸೋಬಾನೆ ಹೇಳಿದ ಕಂಠ ಅವರದು. ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ಮೇಲೇಳಲೇ ಇಲ್ಲ. ಆಗ ಮಹಡಿಯ ಬಾಡಿಗೆದಾರ, ಪಿಯಾನೊ ಮೇಷ್ಟ್ರು ಚೈತನ್ಯ, ತನ್ನ ಹಳೇ ಪಿಯಾನೊವನ್ನು ಕೆಳಗಿಳಿಸಿ ಅದೇ ಸೋಬಾನೆಯನ್ನು ಅವರ ಬೆರಳಿಗೆ ಕಲಿಸಿದ. ಪ್ರತಿ ಸಾಲೂ ಕೊನೆಗೆ ಬಂದು ನಿಲ್ಲುವುದು ಆ ನಡುವಿನ ಕೀ ಮೇಲೆ. ಬೀಗರ ಮುಂದೆಯೇ ಕೀ ಸಿಕ್ಕಿಕೊಂಡರೆ ಹೇಗೆ?

ಚೈತನ್ಯ ಮೈಸೂರಿಗೆ ಸಂಗೀತ ಕಚೇರಿಗೆ ಹೋಗಿದ್ದ. ಕೀ ಕೆಳಗೊಂದು ತೂತಿದೆ, ಒಳಗೆ ಮೆತ್ತನೆ ಬಟ್ಟೆ ಇದೆ, ಮರ ಉಬ್ಬಿ ಅದು ಬಿಗಿಯಾಗಿದೆ, ಇಕ್ಕಳದ ಒಂದು ದವಡೆ ತೂತಿನೊಳಗೆ, ಇನ್ನೊಂದು ಹೊರಗೆ ಇಟ್ಟು ಸ್ವಲ್ಪವೇ ಅದುಮಬೇಕು, ಹಲ್ಲಿರುವ ಇಕ್ಕಳ ಬೇಡ ಎಂದು ಫೋನಿನಲ್ಲಿ ಹೇಳಿದ. ಕಾನ್ವೆಂಟಿನಲ್ಲಿ ಪಿಯಾನೊ ಮೇಲೆ ನುಡಿಸಿದ ಸ್ಕೇಲಿಗಿಂತ ಬೆರಳ ಗಂಟಿನ ಮೇಲೆ ತಿಂದ ಸ್ಕೇಲೇ ಹೆಚ್ಚಾಗಿದ್ದ, ಎದುರುಮನೆಯ ನನ್ನನ್ನು ಸೊಣ್ಣಮ್ಮ ಜೊತೆಗೆ ಹೊರಡಿಸಿದರು.

ಜಯನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಅವರು ಚೀಲದಿಂದ ತೆಗೆದದ್ದು ಬಟ್ಟೆ ಸೋಪು. ಬರುವ ಮೊದಲೇ ಚಾಕುವಿನಲ್ಲಿ ಅದಕ್ಕೆ ಕೀಯಲ್ಲಿರುವಂಥದೇ ತೂತು ಕೊರೆದಿದ್ದರು. ಬದನೆಕಾಯನ್ನೂ ಅದುಮಿ ನೋಡದೆ ಕೊಂಡವರಲ್ಲ, ಇಕ್ಕಳವನ್ನು ಬಿಡುತ್ತಾರೆಯೇ? ಮೊದಲನೆಯದು ಹಲ್ಲಿನ ಗುರುತು ಬಿಟ್ಟಿತು. ಎರಡನೆಯದು ತುದಿಯಲ್ಲಿ ಕಚ್ಚಿ ಬುಡದಲ್ಲಿ ಬಾಯಿ ಬಿಟ್ಟಿತು.

“ಅಮ್ಮ, ಸೋಪು ಹಾಳಾಗ್ತಿದೆ,” ಅಂದರು ಅಂಗಡಿಯ ಪರಮಶಿವಯ್ಯ.

“ಪಿಯಾನೊ ಹಾಳಾಗೋದಕ್ಕಿಂತ ವಾಸಿ ಕಣಪ್ಪ. ಇನ್ನೊಂದು ತೆಗಿ.”

ಆಮೇಲೆ ಪರಮಶಿವಯ್ಯನವರಿಗೇ ಹುರುಪು ಬಂತು. ಏಣಿ ಹತ್ತಿದರು, ಡಬ್ಬ ಇಳಿಸಿದರು. ನಲ್ಲಿ ಕೊಳ್ಳಲು ಬಂದವರೂ ತಮ್ಮ ನಲ್ಲಿ ಮರೆತು ಸೋಪಿನ ಮೇಲೆ ಬಗ್ಗಿದರು. ಕೊನೆಗೆ ಹೊರಬಂದದ್ದು ಒಡವೆ ಕೆಲಸದವರು ಒಯ್ಯುವ ಚಿಕ್ಕ ಇಕ್ಕಳ. ದವಡೆ ನುಣ್ಣಗೆ, ಎಷ್ಟು ಮುಚ್ಚಿದರೂ ಎರಡೂ ನೇರ. ಸೋಪಿನ ಮೇಲೆ ಇಸ್ತ್ರಿ ಮಾಡಿದಂಥ ಗುರುತು.

“ಇದು ಕಚ್ಚಲ್ಲ, ಅದುಮುತ್ತೆ,” ಅಂದರು ಸೊಣ್ಣಮ್ಮ. ಅಂಗಡಿಯಲ್ಲಿದ್ದವರೆಲ್ಲ ತಾವೇ ಗೆದ್ದಂತೆ ನಕ್ಕರು.

ಮನೆಗೆ ಬಂದು, ಚೈತನ್ಯ ವಿಡಿಯೊದಲ್ಲಿ ತೋರಿಸಿದಂತೆ ಕೀ ಬಿಚ್ಚಿ, ಒಂದು ಬದಿ ಅದುಮಿ ಮತ್ತೆ ಕೂರಿಸಿದರು. ಕೀ ಮೇಲೇಳಲು ಇನ್ನೂ ಸೋಮಾರಿತನ. ಇಕ್ಕಳವನ್ನು ಜೋರಾಗಿ ಅದುಮಿ ಎಂದೆ ನಾನು. “ಸಡಿಲಾದ್ರೆ ಮತ್ತೆ ಬಿಗಿ ಮಾಡೋರು ಯಾರು?” ಎಂದು ಇನ್ನೊಂದು ಬದಿಯನ್ನು ಅಷ್ಟೇ ಮೆಲ್ಲಗೆ ಅದುಮಿದರು. ಈ ಸಲ ಕೀ ಕೆಳಗೆ ಹೋಯಿತು, ಟಣ್ಣನೆ ಮೇಲೆ ಬಂತು. ಕಾಲಿಂಗ್ ಬೆಲ್ ಸಿಕ್ಕ ಮಗುವಿನಂತೆ ಸೊಣ್ಣಮ್ಮ ಅದನ್ನೇ ಒತ್ತುತ್ತಾ ಕೂತರು.

ಭಾನುವಾರ ಬೀಗರು ಕಾಫಿ ಲೋಟ ಹಿಡಿದು ಕೂತಿದ್ದಾಗ ಸೊಣ್ಣಮ್ಮ ನುಡಿಸತೊಡಗಿದರು. ಮೊದಲ ಸಾಲಿನ ಕೊನೆ, ನಡುವಿನ ಕೀ ಇಳಿದು ಎದ್ದಿತು. ಎರಡನೇ ಸಾಲಿಗೆ ಹುಡುಗನ ಅಜ್ಜಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ದನಿಯೆತ್ತಿ ಸೋಬಾನೆ ಹೇಳತೊಡಗಿದರು. ಸೊಣ್ಣಮ್ಮ ತಿರುಗಿ ನೋಡಲಿಲ್ಲ. ಆ ಅಜ್ಜಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಬೆರಳನ್ನು ಆ ಕೀ ಮೇಲೇ ಇಟ್ಟುಕೊಂಡು ಕಾದರು.